ನೀರಿನ ಸುತ್ತು: ಬಾರ್ಕ್ಲಿ ಬಯಲಿನಲ್ಲಿ ನನ್ನ ದನದ ಕಾವಲು

ಕೊಡಗು ಜಿಲ್ಲೆಯಷ್ಟು ದೊಡ್ಡ ಬಯಲು, ಹತ್ತಿರ ಹತ್ತಿರ 4,000 ಚದರ ಕಿಲೋಮೀಟರ್. ಅದರಲ್ಲಿ 20,000 ದನ, ನಾವು 14 ಜನ. ಅಂಗಡಿಗೆ ಹೋಗಬೇಕಂದ್ರೆ ಟೆನೆಂಟ್ ಕ್ರೀಕ್, ಸುಮಾರು 300 ಕಿಲೋಮೀಟರ್. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಇಂಥ ಕಾವಲಿಗೆ ಸ್ಟೇಷನ್ ಅನ್ನುತ್ತಾರೆ. ಮೊದಲು ಕೂಲಿ ಆಳಾಗಿ ಸೇರಿದೆ, ಆಮೇಲೆ ಮ್ಯಾನೇಜರ್ ಆದೆ.

ಊರಿಗೆ ಬಂದಾಗ ಎಲ್ಲರೂ ಹೆಲಿಕಾಪ್ಟರ್ ಬಗ್ಗೆನೇ ಕೇಳುತ್ತಾರೆ. ಹೌದು, ದನ ಕೂಡಿಸೋಕೆ ಹೆಲಿಕಾಪ್ಟರ್ ಬರುತ್ತದೆ, ಆದರೆ ಅದು ವರ್ಷಕ್ಕೆ ಎರಡು ಸಲ. ಮಿಕ್ಕ ದಿನವೆಲ್ಲ ನೀರಿನ ಕೆಲಸ. ನಮ್ಮಲ್ಲಿ 60 ಬೋರು ಇದ್ದವು. ಬೋರಿನ ನೀರು ಗೋಕಟ್ಟೆಗೆ ಬೀಳುತ್ತದೆ. ನಮ್ಮ ಕಡೆ ಗೋಕಟ್ಟೆ ತಗ್ಗಿನಲ್ಲಿರುತ್ತದೆ ಅಲ್ವಾ, ಅಲ್ಲಿ ನೆಲದ ಮೇಲೆ ಮಣ್ಣಿನ ಏರಿ ಕಟ್ಟಿ ಎತ್ತರದಲ್ಲಿ ಮಾಡುತ್ತಾರೆ, ನೀರು ತಾನಾಗಿ ತೊಟ್ಟಿಗೆ ಇಳಿಯಲಿ ಅಂತ. ತೊಟ್ಟಿಯ ತುದಿಯಲ್ಲಿ ಒಂದು ಫ್ಲೋಟ್ ವಾಲ್ವ್, ನಮ್ಮ ಮನೆ ಟ್ಯಾಂಕಿನಲ್ಲಿ ಇರುತ್ತಲ್ಲ ಅದೇ ಥರದ್ದು. ಇಡೀ ಸ್ಟೇಷನ್ನಿನ ಬದುಕು ಆ ಅಂಗೈಯಗಲದ ವಾಲ್ವ್ ಮೇಲೆ ನಿಂತಿದೆ.

ನಾನು ಮೊದಲು ಕಲಿತದ್ದು ಒಂದೇ ಲೆಕ್ಕ. ಬಯಲು ಎಷ್ಟೇ ದೊಡ್ಡದಿರಲಿ, ದನ ನೀರಿನಿಂದ ಐದು ಕಿಲೋಮೀಟರ್ ಆಚೆ ಮೇಯಲು ಹೋಗೋದು ಕಡಿಮೆ. ತೊಟ್ಟಿಯ ಹತ್ತಿರ ನೆಲ ಬೋಳಾಗುತ್ತದೆ, ಎಂಟು ಹತ್ತು ಕಿಲೋಮೀಟರ್ ದೂರದಲ್ಲಿ ಮೊಣಕಾಲೆತ್ತರದ ಮಿಚೆಲ್ ಹುಲ್ಲು ಸುಮ್ನೆ ಒಣಗಿ ನಿಂತಿರುತ್ತದೆ. ಅದಕ್ಕೇ ಕೈಗೆ ದುಡ್ಡು ಬಂದಾಗಲೆಲ್ಲ ಹೊಸ ದನ ತರಬೇಡಿ, ಪೈಪ್ ಎಳೆದು ಹೊಸ ತೊಟ್ಟಿ ಇಡಿ ಅಂತ ಮಾಲೀಕರ ಹತ್ತಿರ ಜಗಳವಾಡುತ್ತಿದ್ದೆ.

ಒಂದು ನವೆಂಬರ್ ನನಗೆ ಮರೆಯೋದಿಲ್ಲ. ಮಳೆಗೆ ಮುಂಚಿನ ಕಾಲ, 42 ಡಿಗ್ರಿ ಬಿಸಿಲು. ದೊಡ್ಡಿಯಲ್ಲಿ ಕೆಲಸ ಜಾಸ್ತಿ ಇತ್ತು ಅಂತ ನೀರಿನ ಸುತ್ತನ್ನು, ಅಂದರೆ ಬೋರು, ತೊಟ್ಟಿಗಳನ್ನೆಲ್ಲ ಸುತ್ತಿ ನೋಡಿ ಬರೋ ಕೆಲಸವನ್ನು, ಒಂದು ದಿನ ಮುಂದೂಡಿದೆ. ಮರುದಿನ ಹೋಗಿ ನೋಡಿದರೆ ಒಂದು ತೊಟ್ಟಿಯ ವಾಲ್ವಿನ ಹಿತ್ತಾಳೆ ಕಡ್ಡಿ ಮುರಿದಿತ್ತು. ನೀರೆಲ್ಲ ಹರಿದು ಹೋಗಿ, ಗೋಕಟ್ಟೆ ಬರಿದಾಗಿ, ಪಂಪಿನ ಡೀಸೆಲ್ಲೂ ಮುಗಿದಿತ್ತು. 400 ಹಸು, ಪಕ್ಕದಲ್ಲಿ ಕರುಗಳು. ಕೂಗಾಟ ಇಲ್ಲ, ಸದ್ದೇ ಇಲ್ಲ. ಒಣಗಿದ ಸಿಮೆಂಟನ್ನು ನೆಕ್ಕುತ್ತಾ ನಿಂತಿದ್ದವು. ಆ ಬಿಸಿಲಿನಲ್ಲಿ ಒಂದು ಹಸುವಿಗೆ ದಿನಕ್ಕೆ 60 ಲೀಟರ್ ಅಂದರೂ 24,000 ಲೀಟರ್ ಬೇಕು.

ವಾಲ್ವ್ ಬದಲಿಸಿ ಪಂಪ್ ಶುರು ಮಾಡಿದೆವು. ಕಷ್ಟ ಶುರುವಾಗಿದ್ದೇ ಆಮೇಲೆ. ಬಾಯಾರಿದ ದನಕ್ಕೆ ನೀರಿನ ವಾಸನೆ ಸಿಕ್ಕಿದರೆ ಒಂದರ ಮೇಲೊಂದು ನುಗ್ಗುತ್ತವೆ, ಕರುಗಳು ಕಾಲಡಿಗೆ ಸಿಗುತ್ತವೆ. ಎರಡು ಗಾಡಿ ಅಡ್ಡ ನಿಲ್ಲಿಸಿ, ನಲವತ್ತು ನಲವತ್ತರಂತೆ ಬಿಟ್ಟು, ಮುಗಿಯೋ ಹೊತ್ತಿಗೆ ರಾತ್ರಿ ಹತ್ತಾಗಿತ್ತು. ಮೂರು ಕರು ಉಳಿಯಲಿಲ್ಲ. ಆ ಮೂರೂ ನನ್ನ ಲೆಕ್ಕಕ್ಕೇ ಸೇರಿದವು, ಇವತ್ತಿಗೂ ಹಾಗೇ ಅನಿಸುತ್ತದೆ.

ಅಂದಿನಿಂದ ಅಕ್ಟೋಬರ್, ನವೆಂಬರಿನಲ್ಲಿ ಯಾವ ತೊಟ್ಟಿಯನ್ನೂ ಎರಡು ದಿನಕ್ಕಿಂತ ಹೆಚ್ಚು ನೋಡದೆ ಬಿಡಲಿಲ್ಲ. ಈಗ ಉಪಗ್ರಹದ ಮೂಲಕ ನೀರಿನ ಮಟ್ಟ ಹೇಳುವ ಸೆನ್ಸರ್ ಬಂದಿವೆ, ನಾವೂ ಹಾಕಿಸಿದೆವು, ಒಳ್ಳೆಯದೇ. ಆದರೆ ತೊಟ್ಟಿಯೊಳಗೆ ಕಾಗೆ ಸತ್ತು ಬಿದ್ದಿದೆ, ದನ ಮೂಸಿ ವಾಪಸ್ ಹೋಗುತ್ತಿದೆ ಅಂತ ಅದು ಹೇಳೋದಿಲ್ಲ. ಗಾಡಿಯಿಂದ ಇಳಿದು ನೀರಿಗೆ ಕೈ ಹಾಕಿ ನೋಡಲೇಬೇಕು.

ದನ ಹಿಡಿಯೋಕೂ ನೀರೇ ಉಪಾಯ. ತೊಟ್ಟಿಯ ಸುತ್ತ ದೊಡ್ಡಿ ಕಟ್ಟಿ, ಒಳಗೆ ಹೋಗಲು ಬರುವ, ಹೊರಗೆ ಬರಲು ಬಾರದ ಗೇಟು ಇಡುತ್ತೇವೆ. ಗದ್ದಲ ಇಲ್ಲ, ಓಡಾಟ ಇಲ್ಲ, ದನದ ಮೈ ಕರಗೋದಿಲ್ಲ. ಹಾಲು ಬಿಡಿಸಿದ ಕರುಗಳನ್ನು ಮಾತ್ರ ವಾರದ ಮೇಲೆ ದೊಡ್ಡಿಯಲ್ಲೇ ಇಟ್ಟು, ಹುಲ್ಲು ಹಾಕಿ, ದಿನಾ ಹೊರಗೆ ನಡೆಸಿ ತರಬೇಕು. ಆ ವಾರ ಮನುಷ್ಯರ ಹದ ಕಲಿತ ಕರು ಮುಂದೆ ಯಾವತ್ತೂ ಹೆದರಿ ಓಡೋದಿಲ್ಲ.

ಅಲ್ಲಿನ ದನ ಹೆಚ್ಚಾಗಿ ಬ್ರಾಹ್ಮನ್ ತಳಿ. ಡುಬ್ಬ, ಜೋಲು ಗಂಗೆದೊಗಲು, ನೋಡಿದ ಕೂಡಲೇ ನಮ್ಮವು ಅನಿಸುತ್ತದೆ. ನಮ್ಮವೇ. ಗಿರ್, ಕಾಂಕ್ರೇಜ್, ಓಂಗೋಲ್ ಜೊತೆಗೆ ನಮ್ಮ ಕೃಷ್ಣಾ ತೀರದ ತಳಿಯೂ ಸೇರಿ ಅಮೆರಿಕದಲ್ಲಿ ಹುಟ್ಟಿದ ಈ ತಳಿ 1933ರಲ್ಲಿ ಆಸ್ಟ್ರೇಲಿಯಾಕ್ಕೆ ಬಂತು. ರಕ್ತ ಹೀರುವ ಉಣ್ಣಿ ಹುಳು, ಬಿಸಿಲು ಎರಡನ್ನೂ ತಡೆಯುತ್ತದೆ. ವಿಜಯಪುರದ ಕಡೆಯವನಾದ ನನಗೆ ಅಲ್ಲಿನ ಮಣ್ಣೂ ಗುರುತಿನದ್ದೇ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಎರೆಮಣ್ಣು, ಒಂದು ಮಳೆ ಬಿದ್ದರೆ ಟೈರಿಗೆ ಮೆತ್ತಿಕೊಂಡು ವಾರಗಟ್ಟಲೆ ದಾರಿ ಬಂದ್.

ಅದಕ್ಕೇ ಮೋಡ ಕಟ್ಟೋಕೆ ಮುಂಚೆ ದನ ನೆಕ್ಕಲಿ ಅಂತ ಇಟ್ಟ, ಯೂರಿಯಾ ಬೆರೆಸಿದ ಉಪ್ಪಿನ ಡಬ್ಬಗಳನ್ನೆಲ್ಲ ವಾಪಸ್ ತರುತ್ತಿದ್ದೆವು. ಮಳೆ ನೀರು ಅದರಲ್ಲಿ ನಿಂತು ದನ ಕುಡಿದರೆ ಅಲ್ಲೇ ಸಾಯುತ್ತದೆ. ಮಳೆ ಹಿಡಿದ ಮೇಲೆ ಎಲ್ಲ ಹಳ್ಳದಲ್ಲೂ ನೀರು, ದನ ಎಲ್ಲೆಲ್ಲೋ ಚದುರಿ ಆ ದೂರದ ಮಿಚೆಲ್ ಹುಲ್ಲಿಗೂ ಬಾಯಿ ಹಾಕುತ್ತವೆ. ಆ ತಿಂಗಳುಗಳಲ್ಲಿ ನಾನು ಶೆಡ್ಡಿನಲ್ಲಿ ಕೂತು ಹಳೆ ವಾಲ್ವುಗಳನ್ನು ಬಿಚ್ಚಿ, ಸುಣ್ಣ ಕೆರೆದು, ವಾಷರ್ ಬದಲಿಸಿ, ಮುಂದಿನ ಬೇಸಿಗೆಗೆ ಸಾಲಾಗಿ ಜೋಡಿಸಿಡುತ್ತಿದ್ದೆ.