ಪಂಚಾಯಿತಿ ದುಡ್ಡು ನಲ್ಲಿವರೆಗೆ ಬಂತೇ? ನಾನು ತಾಳೆ ನೋಡುವ ಬಗೆ

ಮಂಡ್ಯ ಜಿಲ್ಲೆಯ ಗ್ರಾಮ ಪಂಚಾಯಿತಿಗಳಲ್ಲಿ ನಾನು ಹೆಚ್ಚಾಗಿ ಬೆನ್ನು ಹತ್ತುವುದು 15ನೇ ಹಣಕಾಸು ಆಯೋಗದ ಅನುದಾನವನ್ನು. 2021–26ರ ಅವಧಿಗೆ ಇದರಲ್ಲಿ ಶೇ 30 ಕುಡಿಯುವ ನೀರಿಗೆ, ಶೇ 30 ನೈರ್ಮಲ್ಯಕ್ಕೆ ಮೀಸಲು. ಉಳಿದ ಶೇ 40 ಸ್ಥಳೀಯ ಅಗತ್ಯಗಳಿಗೆ, ಸಂಬಳಕ್ಕೆ ಮುಟ್ಟುವಂತಿಲ್ಲ.

ಇ-ಗ್ರಾಮ್‌ಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಯ ಪಾವತಿ ವೋಚರ್‌ಗಳು ಸಿಗುತ್ತವೆ. ಆದರೆ ‘ಬೋರ್‌ವೆಲ್ ಮೋಟಾರ್ ರಿಪೇರಿ’ ಎಂದಷ್ಟೇ ಇದ್ದರೆ, ಯಾವ ಬೋರ್‌ವೆಲ್? ಅದಕ್ಕೆ ಮಾಹಿತಿ ಹಕ್ಕು ಅರ್ಜಿಯೇ ಬೇಕು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಐದು ವರ್ಷದ ಎಲ್ಲ ಖರ್ಚು ಕೊಡಿ’ ಎಂದು ಬರೆದರೆ ಕೈಗೆ ಏನೂ ಸಿಗುವುದಿಲ್ಲ. ವೋಚರ್ ಸಂಖ್ಯೆ, ದಿನಾಂಕ ಹಾಕಿ ಅದರ ಅಂದಾಜು ಪಟ್ಟಿ, ಎಂಜಿನಿಯರ್ ಕೆಲಸ ಅಳೆದು ಬರೆದಿಡುವ ಅಳತೆ ಪುಸ್ತಕದ ಪುಟ, ಬಿಲ್ಲು, ದಾಸ್ತಾನು ವಹಿಯ ಪುಟ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಮೋಟಾರ್ ಬಿಲ್ಲುಗಳನ್ನು ನಾನು ಬಿಡುವುದೇ ಇಲ್ಲ. ನೆಲದೊಳಗಿನ ಕೆಲಸ, ಮುಗಿದ ಮೇಲೆ ಕಣ್ಣಿಗೆ ಕಾಣುವಂಥದ್ದೇನೂ ಉಳಿಯದು. ಆದರೆ ಬೋರ್‌ವೆಲ್‌ಗೆ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇದೆ, ತಿಂಗಳು ತಿಂಗಳು ವಿದ್ಯುತ್ ಕಂಪನಿ ಸೆಸ್ಕ್‌ನ ಬಿಲ್ ಬರುತ್ತದೆ. 7.5 ಎಚ್‌ಪಿ ಮೋಟಾರ್ ಪೂರ್ತಿ ಲೋಡಿನಲ್ಲಿ ದಿನಕ್ಕೆ ಆರು ಗಂಟೆ ಓಡಿದರೆ 40 ಯೂನಿಟ್ ಆಸುಪಾಸು. ಸುಟ್ಟು ಹತ್ತು ದಿನ ನಿಂತಿತ್ತು ಎಂದಾದರೆ ಆ ತಿಂಗಳು ಹತ್ತಿರ ಹತ್ತಿರ 400 ಯೂನಿಟ್ ಇಳಿದಿರಬೇಕು. ಇಳಿದಿಲ್ಲವೆಂದರೆ ಕೇಳಬೇಕಾದ್ದಿದೆ. ಮೀಟರ್ ಕೆಟ್ಟು ಸರಾಸರಿ ಬಿಲ್ ಹಾಕಿದ್ದರೆ, ಇಲ್ಲವೇ ಎರಡು ಬೋರ್‌ವೆಲ್ ಒಂದೇ ಮೀಟರಿಗೆ ಸೇರಿದ್ದರೆ ಈ ಲೆಕ್ಕ ನಡೆಯದು, ಮೊದಲೇ ನೋಡಿಕೊಳ್ಳಿ. ರಿವೈಂಡಿಂಗ್, ಅಂದರೆ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಆಗಿದ್ದರೆ ಬಿಚ್ಚಿದ ಹಳೇ ತಾಮ್ರದ ತಂತಿ ಎಲ್ಲಿ ಹೋಯಿತು ಎಂದೂ ದಾಸ್ತಾನು ವಹಿಯಲ್ಲಿ ಹುಡುಕುತ್ತೇನೆ.

ನೀರು ಯಾವ ದಿನ ನಿಂತಿತ್ತು ಎಂಬುದು ಊರಿಗೆ ನೀರು ಬಿಡುವ ನೀರುಗಂಟಿಗೆ ಗೊತ್ತಿರುತ್ತದೆ. ಅವರನ್ನು ಕೇಳಿ, ಆದರೆ ಅವರ ಹೆಸರನ್ನು ಯಾವ ಕಾಗದದಲ್ಲೂ ಬರೆಯಬೇಡಿ. ನಮ್ಮ ಅರ್ಜಿಗೆ ಅವರ ಅನ್ನ ಹೋಗಬಾರದು. ಅದೇ ಬೀದಿಯ ನಾಲ್ಕು ಮನೆಯ ಹೆಂಗಸರನ್ನು ಬೇರೆ ಬೇರೆಯಾಗಿ ವಿಚಾರಿಸಿದರೂ ದಿನಗಳು ಹೊಂದುತ್ತವೆ.

ಸಿ.ಸಿ. ರಸ್ತೆಯಲ್ಲಿ ಮೋಸ ಉದ್ದದಲ್ಲಿ ಕಡಿಮೆ, ದಪ್ಪದಲ್ಲೇ ಹೆಚ್ಚು. 100 ಮೀಟರ್ ಉದ್ದ, 3 ಮೀಟರ್ ಅಗಲ, 15 ಸೆಂ.ಮೀ. ದಪ್ಪಕ್ಕೆ 45 ಘನ ಮೀಟರ್ ಕಾಂಕ್ರೀಟ್ ಬೇಕು. 10 ಸೆಂ.ಮೀ. ಹಾಕಿದರೆ 30ಕ್ಕೇ ಮುಗಿಯುತ್ತದೆ. ಅಂಚಿನಲ್ಲಿ ಅಳೆದು ನಂಬಬೇಡಿ, ಅಲ್ಲಿ ದಪ್ಪವಾಗಿಯೇ ಇರಬಹುದು. ನಲ್ಲಿ ಪೈಪಿಗೆಂದು ರಸ್ತೆ ಕತ್ತರಿಸಿದ ಜಾಗ ಸಿಕ್ಕರೆ ಅಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಒಂದೇ ರಸ್ತೆಗೆ ‘ಮಾರಿಗುಡಿಯಿಂದ ಶಾಲೆವರೆಗೆ’, ‘ಶಾಲೆಯಿಂದ ಮಾರಿಗುಡಿವರೆಗೆ’ ಎಂದು ಎರಡು ಅನುದಾನದಲ್ಲಿ ಬಿಲ್ ಆಗಿದೆಯೇ ಎಂದೂ ನೋಡಬೇಕು.

ಇಷ್ಟನ್ನೂ ಜಮಾಬಂದಿಗೆ, ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ ಜನರ ಮುಂದೆ ತಪಾಸಣೆಯಾಗುವ ಸಭೆಗೆ, ಒಯ್ಯುತ್ತೇನೆ. ಅದು ಆಗಸ್ಟ್–ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತದೆ. ಲೆಕ್ಕದ ಜೊತೆಗೆ ಕಾಮಗಾರಿಯನ್ನೂ ಸ್ಥಳದಲ್ಲೇ ನೋಡಲು ಅಲ್ಲಿ ಅವಕಾಶವಿದೆ. ಬಾಯಿಮಾತಿನ ಆಕ್ಷೇಪ ಅಲ್ಲೇ ಕರಗಿಹೋಗುತ್ತದೆ. ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ, ನಡಾವಳಿಯಲ್ಲಿ ಸೇರಿದೆಯೇ ಎಂದು ಓದಿಸಿಕೊಂಡೇ ಎದ್ದು ಬನ್ನಿ.