ಏಪ್ರಿಲ್ ಸಂಬಳ ಎಲ್ಲಿಂದ ಬರುತ್ತೆ?

ಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವ ನಮ್ಮ ಫೌಂಡೇಷನ್ನಿನ ಅರ್ಜಿಯಲ್ಲಿ ಮೊದಲು ಒಂದು ಪ್ರಶ್ನೆ ಇತ್ತು: 'ಅನುದಾನ ನಿಂತ ಮೇಲೆ ಕೆಲಸ ಹೇಗೆ ಮುಂದುವರಿಯುತ್ತದೆ?' ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲರದೂ ಒಂದೇ ಉತ್ತರ: 'ಸ್ಥಳೀಯ ಸಂಪನ್ಮೂಲ ಕ್ರೋಡೀಕರಣದ ಮೂಲಕ.' ಸುಮ್ನೆ ಬರೆದಿದ್ದು ಅಂತ ಅವರಿಗೂ ಗೊತ್ತು, ಓದುವ ನನಗೂ ಗೊತ್ತು. ಆ ಪ್ರಶ್ನೆ ತೆಗೆದೆವು. ಬದಲಿಗೆ ಹನ್ನೆರಡು ತಿಂಗಳ ಒಂದು ಹಾಳೆ ಕೇಳಿದೆವು. ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ, ಅಷ್ಟೇ.

ಈ ಹಾಳೆ ತುಂಬಿಸೋಕೆ ಕಾರ್ಯದರ್ಶಿ ಜೊತೆ ಕೂತರೆ ಭಾಷಣ ಸಿಗುತ್ತದೆ. ಅಕೌಂಟೆಂಟ್ ಜೊತೆ ಕೂರಬೇಕು. ರಾಯಚೂರು ಕಡೆಯ ಒಂದು ಸಂಸ್ಥೆ ಸರ್ಕಾರಿ ಶಾಲೆ ಮಕ್ಕಳಿಗೆ ಓದು ಕಲಿಸುತ್ತದೆ. ಅಲ್ಲಿಯ ಅಕೌಂಟೆಂಟ್ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿ ತೆರೆದು ತೋರಿಸಿದರು. ಫೆಬ್ರವರಿ, ಮಾರ್ಚ್‌ನಲ್ಲಿ ಖಾತೆ ತುಂಬಿತ್ತು. ಏಪ್ರಿಲ್‌ನಿಂದ ಜುಲೈವರೆಗೆ ಖಾಲಿ. ಸಂಬಳ ಕೊಟ್ಟ ತಿಂಗಳುಗಳ ಎದುರು 'ಕೈಗಡ' ಅಂತ ನಮೂದು. ಕಾರ್ಯದರ್ಶಿಯವರ ಮನೆಯ ಬಂಗಾರ ಬ್ಯಾಂಕಿನಲ್ಲಿ ಅಡವಿತ್ತು. "ಏಪ್ರಿಲ್ ಬಂತಂದ್ರ ನನಗ ನಿದ್ದಿ ಹತ್ತಂಗಿಲ್ರಿ ಮೇಡಂ" ಅಂದರು ಅಕೌಂಟೆಂಟ್.

ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆಂದು ಕೊಡುವ ಹಣ, ಹೆಚ್ಚಾಗಿ ಆರ್ಥಿಕ ವರ್ಷದ ಕೊನೆಗೆ ಬಂದು ಬೀಳುತ್ತದೆ. ಹೊಸ ವರ್ಷಕ್ಕೆ ಕಂಪನಿಯ ಬೋರ್ಡ್ ಒಪ್ಪಬೇಕು, ಕರಾರು ಆಗಬೇಕು, ಹಳೇ ಕಂತಿನ ಹಣ ಬಳಕೆಯ ಪ್ರಮಾಣಪತ್ರಕ್ಕೆ (ಯುಸಿ) ಸಿಎ ಸಹಿ ಬೀಳಬೇಕು. ಶಾಲೆ ಅಲ್ಲಿವರೆಗೆ ಕಾಯುತ್ತಾ? ನಾವು ಜಾಸ್ತಿ ಹಣವೇನೂ ಕೊಡಲಿಲ್ಲ. ಅದೇ ಮೊತ್ತವನ್ನು ಏಪ್ರಿಲ್ ಮೊದಲ ವಾರ ಹಾಕಿದೆವು, ಮೂರು ವರ್ಷಕ್ಕೆ ಒಂದೇ ಕರಾರು ಮಾಡಿಕೊಂಡೆವು. ಕೈಗಡ ನಿಂತಿತು.

ಆಮೇಲೆ ಬಾಡಿಗೆ, ಆಡಿಟ್, ಅಕೌಂಟೆಂಟ್ ಸಂಬಳದ ಮಾತು ಬಂತು. ಪುಸ್ತಕಕ್ಕೆ ಎಲ್ಲರೂ ಕೊಡುತ್ತಾರೆ, ಲೆಕ್ಕ ಬರೆಯುವವರಿಗೆ ಯಾರೂ ಕೊಡಲ್ಲ. 'ಕಾನೂನಿನಲ್ಲಿ 5% ಮಿತಿ ಇದೆ' ಅಂತ ಕೆಲವು ಕಂಪನಿಯವರು ಹೇಳುತ್ತಾರೆ. 2021ರ ಸಿಎಸ್‌ಆರ್ ನಿಯಮದ ಆ ಮಿತಿ ಇರುವುದು ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತದ ಖರ್ಚಿಗೆ. ಸಂಸ್ಥೆಯ ಯೋಜನಾ ಖರ್ಚಿಗಲ್ಲ. ಇದನ್ನೇ ಸಂಸ್ಥೆಯವರಿಗೆ ಒಂದು ಪುಟದ ಟಿಪ್ಪಣಿ ಮಾಡಿಕೊಟ್ಟೆ. ಯಾವ ಯೋಜನೆಗೆ ಆಫೀಸಿನ ಎಷ್ಟು ಪಾಲು ಹೋಗುತ್ತದೆ ಅಂತ ಅವರ ಜೊತೆ ಲೆಕ್ಕ ಹಾಕಿದೆ. ಈಗ ಪ್ರತಿ ಪ್ರಸ್ತಾವನೆಯಲ್ಲೂ ಆ ಪಾಲು ಕೇಳುತ್ತಾರೆ. ಕೆಲವರು ಒಪ್ಪುತ್ತಾರೆ, ಕೆಲವರು ಮುಖ ಸಿಂಡರಿಸುತ್ತಾರೆ.

ಕಷ್ಟ ಆಗಿದ್ದು ಮೀಸಲು ಹಣದ್ದು. ತಿಂಗಳಿಗೆ 4 ಲಕ್ಷ ಖರ್ಚಿರುವ ಸಂಸ್ಥೆಗೆ ಮೂರು ತಿಂಗಳ ಮೀಸಲು ಅಂದರೆ 12 ಲಕ್ಷ. ಆದಾಯ ತೆರಿಗೆ ನಿಯಮದಲ್ಲಿ ಟ್ರಸ್ಟ್ ತನ್ನ ವರ್ಷದ ಆದಾಯದ 15% ಷರತ್ತಿಲ್ಲದೆ ಉಳಿಸಿಕೊಳ್ಳಬಹುದು. ಆದರೆ ಯೋಜನೆಗೆಂದು ಬಂದ ಹಣದಲ್ಲಿ ಉಳಿಯೋದೇನು? ಉಳಿದರೂ ಕೊಟ್ಟವರಿಗೆ ವಾಪಸ್. 2021ರ ಜನವರಿ 22ರಿಂದ ಕಾರ್ಪಸ್‌ಗೆ, ಅಂದರೆ ಸಂಸ್ಥೆಯ ಮೂಲನಿಧಿಗೆ, ಕೊಟ್ಟಿದ್ದು ಸಿಎಸ್‌ಆರ್ ಲೆಕ್ಕಕ್ಕೂ ಬರಲ್ಲ. ಹಾಗಾಗಿ ಇದು ನಮ್ಮಂಥ ಫೌಂಡೇಷನ್‌ಗಳ ಪಾಲಿನ ಕೆಲಸ. ಅದರಲ್ಲೂ ಒಂದು ತೊಡಕಿದೆ. ನಾವೂ ತೆರಿಗೆ ವಿನಾಯಿತಿಯ ನೋಂದಣಿ ಇರುವ ಟ್ರಸ್ಟೇ. ಇನ್ನೊಂದು ಟ್ರಸ್ಟಿನ ಕಾರ್ಪಸ್‌ಗೆ ಕೊಟ್ಟರೆ ಅದು ನಾವು ಖರ್ಚು ಮಾಡಲೇಬೇಕಾದ 85%ಕ್ಕೆ ಸೇರಲ್ಲ. ನಮ್ಮ 15%ದಿಂದಲೇ ತೆಗೆಯಬೇಕು. ಟ್ರಸ್ಟಿಗಳನ್ನು ಒಪ್ಪಿಸೋಕೆ ಸಾಕುಸಾಕಾಯಿತು. ಕೊನೆಗೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಅಂತ ಒಪ್ಪಿದರು. ಅದು ಎಫ್‌ಡಿಯಲ್ಲಿದೆ.

ಸ್ವಂತ ಆದಾಯಕ್ಕೆ ಉಪ್ಪಿನಕಾಯಿ, ಹಪ್ಪಳ ಮಾರಿ ಅಂತ ಸಲಹೆ ಕೊಡೋರೂ ಇದ್ದಾರೆ. ಓದು ಕಲಿಸುವವರು ಹಪ್ಪಳ ಒಣಗಿಸುತ್ತಾ ಕೂತರೆ ಮಕ್ಕಳ ಗತಿ? ಆ ಗೋಜಿಗೆ ನಾವು ಹೋಗಲಿಲ್ಲ. ಊರಿನವರಿಂದ ದೇಣಿಗೆ ಎತ್ತಲು ಒಬ್ಬರನ್ನು ನೇಮಿಸಲು ಹಣ ಕೊಟ್ಟೆವು. ಅಕ್ಕಿ ಗಿರಣಿಯವರು, ನಿವೃತ್ತ ಮೇಷ್ಟ್ರುಗಳು, ಬೆಂಗಳೂರು ಸೇರಿದ ಊರ ಹುಡುಗರು ಕೊಡುತ್ತಾರೆ, ಆದರೆ ಯಾರಾದರೂ ಹೋಗಿ ಕೇಳಬೇಕು. ಪ್ಯಾನ್ ನಂಬರ್ ಅಲ್ಲೇ ಬರೆಸಿಕೊಳ್ಳಬೇಕು, ಯಾಕಂದರೆ ದಾನಿಗಳ ಪಟ್ಟಿ ಮೇ 31ರೊಳಗೆ ಸಲ್ಲಿಸದಿದ್ದರೆ ದೇಣಿಗೆಗೆ ಅವರಿಗೆ ಸಿಗುವ ತೆರಿಗೆ ರಿಯಾಯಿತಿಗೆ ಕುತ್ತು. ಆ ಹುದ್ದೆಗೆ ಮೊದಲ ವರ್ಷ ಪೂರ್ತಿ ಸಂಬಳ ನಮ್ಮದು, ಎರಡನೇ ವರ್ಷ ಅರ್ಧ, ಮೂರನೇ ವರ್ಷದಿಂದ ಅವರದೇ. ಈಗ ಅರ್ಧದ ವರ್ಷ ನಡೀತಿದೆ.