ಚಂಡೆಯ ಏಟಿಗೆ ಸುಸ್ತಾಗದ ಜೋಡಿ: ಮನೆಯ ಸ್ಪೀಕರಿಗೆ ಸರಿಯಾದ ಆಂಪ್ ಆರಿಸುವುದು ಹೇಗೆ

ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ರಾತ್ರಿ ಹನ್ನೊಂದಾದರೂ ಜಗಲಿ ತುಂಬ ಜನ ಇರುತ್ತಾರೆ. ಕೈ ಅದರ ಪಾಡಿಗೆ ಸುಲಿಯುತ್ತಿರುತ್ತದೆ, ಕಿವಿಗೆ ಯಕ್ಷಗಾನ ಬೇಕು. ಆರು ವರ್ಷದ ಹಿಂದೆ ಅಂಥದ್ದೇ ಒಂದು ರಾತ್ರಿ ನಮ್ಮ ಮನೆಯ ದೊಡ್ಡ ಸ್ಪೀಕರ್ ಜೋಡಿಯಲ್ಲಿ ಒಂದರ ಟ್ವೀಟರ್, ಅಂದರೆ ಚೂಪು ಶಬ್ದ ಹೊರಡಿಸುವ ಸಣ್ಣ ಭಾಗ, ಸುಟ್ಟುಹೋಯಿತು. ಸ್ಪೀಕರಿನ ಹಿಂದೆ 80 ವ್ಯಾಟ್ ಅಂತ ಬರೆದಿತ್ತು. ಅದಕ್ಕೆ ಪವರ್ ಕೊಡುವ ಆಂಪ್ (ಆಂಪ್ಲಿಫೈಯರ್) ಬರೀ 15 ವ್ಯಾಟಿನದ್ದು. ಸಣ್ಣ ಆಂಪ್ ದೊಡ್ಡ ಸ್ಪೀಕರಿಗೆ ಏನು ಮಾಡೀತು ಅಂದುಕೊಂಡು ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟಿದ್ದೆ. ಬಿಚ್ಚಿ ನೋಡಿದರೆ ಟ್ವೀಟರಿನ ಕಾಯಿಲ್ ಕಪ್ಪಾಗಿದೆ, ಕೂದಲೆಳೆಯಂಥ ತಂತಿ ಒಂದು ಕಡೆ ತುಂಡಾಗಿದೆ, ಮೂಗಿಗೆ ಸುಟ್ಟ ವಾರ್ನಿಷ್ ವಾಸನೆ. ಪಕ್ಕದಲ್ಲಿ ಕೂತಿದ್ದ ಭಾವ, "ಅಲ್ಲ ಮಾರಾಯ, ಸಣ್ಣ ಆಂಪು ದೊಡ್ಡ ಸ್ಪೀಕರನ್ನ ಹೆಂಗೆ ಸುಡ್ತು?" ಅಂತ ಕೇಳಿದರು.

ಆ ಪ್ರಶ್ನೆಗೆ ಉತ್ತರ ಗೊತ್ತಾದರೆ ಆಂಪ್ ಆರಿಸುವ ಅರ್ಧ ಕೆಲಸ ಮುಗಿದ ಹಾಗೆ. ಆಂಪಿನ ಒಳಗಿನ ಪವರ್ ಸಪ್ಲೈ ಎಷ್ಟು ವೋಲ್ಟ್ ಕೊಡುತ್ತದೋ ಅಷ್ಟೇ ಎತ್ತರಕ್ಕೆ ಅದು ಶಬ್ದದ ಅಲೆಯನ್ನು ಎತ್ತಬಲ್ಲದು. ಅದಕ್ಕಿಂತ ಮೇಲೆ ಕೇಳಿದರೆ ಅಲೆಯ ತಲೆ ಕತ್ತಿಯಲ್ಲಿ ಸವರಿದ ಹಾಗೆ ಚಪ್ಪಟೆ ಆಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಹೀಗೆ ಚಪ್ಪಟೆಯಾದ ಅಲೆಯಲ್ಲಿ ಮೂಲ ಹಾಡಿನಲ್ಲಿ ಇಲ್ಲದ ಚೂಪು ಶಬ್ದಗಳು ಹುಟ್ಟಿಕೊಳ್ಳುತ್ತವೆ, ಸ್ಪೀಕರ್ ಒಳಗೆ ದಪ್ಪ ಶಬ್ದ, ಚೂಪು ಶಬ್ದ ಬೇರೆ ಮಾಡುವ ಕ್ರಾಸ್‌ಓವರ್ ಅವನ್ನೆಲ್ಲ ಟ್ವೀಟರಿಗೆ ದಾಟಿಸುತ್ತದೆ. 80 ವ್ಯಾಟ್ ಅಂತ ಬರೆದಿರುವುದು ಇಡೀ ಪೆಟ್ಟಿಗೆಗೆ. ಟ್ವೀಟರ್ ಒಂದೇ ತಡೆಯುವುದು ಕೆಲವೇ ವ್ಯಾಟ್. ಹಾಗಾಗಿ ಏದುಸಿರು ಬಿಡುವ ಸಣ್ಣ ಆಂಪಿಗಿಂತ ನಿರಾಳವಾಗಿ ಓಡುವ ದೊಡ್ಡ ಆಂಪೇ ಸ್ಪೀಕರಿಗೆ ಕ್ಷೇಮ. ವಾಲ್ಯೂಮ್ ಮೇಲೆ ಕೈ ಹಿಡಿತ ಇರಬೇಕು, ಅಷ್ಟೇ.

ಈಗ ಆರಿಸುವ ಮಾತು. ಎಲ್ಲರೂ ಮೊದಲು ವ್ಯಾಟ್ ಕೇಳುತ್ತಾರೆ. ನಾನು ಹೇಳುವುದು, ವ್ಯಾಟನ್ನು ಕೊನೆಗೆ ನೋಡಿ. ಮೊದಲು ಓಮ್ ನೋಡಿ, ಆಮೇಲೆ ಸೆನ್ಸಿಟಿವಿಟಿ, ಆಮೇಲೆ ನೀವು ಕೂರುವ ಜಾಗ.

ಓಮ್ ಅಂದರೆ ಸ್ಪೀಕರ್ ಆಂಪಿಗೆ ಒಡ್ಡುವ ತಡೆ. ಮನೆ ಸ್ಪೀಕರುಗಳು ಸಾಮಾನ್ಯವಾಗಿ 4, 6 ಅಥವಾ 8 ಓಮ್ ಇರುತ್ತವೆ. ಓಮ್ ಕಡಿಮೆ ಆದಷ್ಟೂ ಆಂಪಿನಿಂದ ಜಾಸ್ತಿ ಕರೆಂಟ್ ಎಳೆಯುತ್ತದೆ, ಆಂಪ್ ಜಾಸ್ತಿ ಬಿಸಿಯಾಗುತ್ತದೆ. ಆಂಪಿನ ಹಿಂದೆ "8 ಓಮ್‌ನಿಂದ 16 ಓಮ್" ಅಂತ ಇದ್ದರೆ ಅದಕ್ಕೆ 4 ಓಮ್ ಸ್ಪೀಕರ್ ಹಾಕಬೇಡಿ. "4 ಓಮ್‌ನಿಂದ 8 ಓಮ್" ಅಂತ ಇದ್ದರೆ ಚಿಂತೆ ಇಲ್ಲ. 4 ಓಮ್ ಆಂಪಿಗೆ 8 ಓಮ್ ಸ್ಪೀಕರ್ ಹಾಕಿದರೆ ಏನೂ ಕೆಡುವುದಿಲ್ಲ, ಪವರ್ ಹೆಚ್ಚುಕಡಿಮೆ ಅರ್ಧ ಬರುತ್ತದೆ ಅಷ್ಟೇ.

ಹಳೇ ಸ್ಪೀಕರಿನ ಚೀಟಿ ಉದುರಿಹೋಗಿದ್ದರೆ ಮಲ್ಟಿಮೀಟರ್ ಹಿಡಿಯಿರಿ. ಆಂಪಿನ ವಯರ್ ಬಿಚ್ಚಿ, ಸ್ಪೀಕರಿನ ಎರಡು ತುದಿಗೆ ಮೀಟರ್ ಇಟ್ಟರೆ 8 ಓಮ್ ಸ್ಪೀಕರ್ ಸುಮಾರು 6 ತೋರಿಸುತ್ತದೆ, 4 ಓಮಿನದ್ದು 3ರಿಂದ 3.5. ಮೀಟರ್ ಸುಳ್ಳು ಹೇಳುತ್ತಿಲ್ಲ. ಅದು ಅಳೆಯುವುದು ಕಾಯಿಲಿನ ತಂತಿಯ ತಡೆಯನ್ನು ಮಾತ್ರ, ಹಾಡು ಓಡುವಾಗಿನ ತಡೆ ಅದಕ್ಕಿಂತ ಸ್ವಲ್ಪ ಮೇಲಿರುತ್ತದೆ.

ನಮ್ಮ ಕಡೆ ಜಾಸ್ತಿ ಆಂಪ್ ಹಾಳಾಗುವುದು ಇನ್ನೊಂದು ಕಾರಣಕ್ಕೆ. ಒಳಗೆ ಒಂದು ಜೋಡಿ ಇರುತ್ತದೆ. ಮನೆಯಲ್ಲಿ ಏನೋ ಕಾರ್ಯ ಬಂತು, ಜಗಲಿಗೂ ಇನ್ನೊಂದು ಜೋಡಿ ಅದೇ ತುದಿಗೆ ಸಿಕ್ಕಿಸಿ ಬಿಡುತ್ತಾರೆ. 8 ಓಮಿನ ಎರಡು ಸ್ಪೀಕರ್ ಹೀಗೆ ಪಕ್ಕಪಕ್ಕ ಸೇರಿಸಿದರೆ ಆಂಪಿಗೆ ಕಾಣುವುದು 4 ಓಮ್. 4 ಓಮಿನವು ಎರಡಾದರೆ 2 ಓಮ್, ಅದನ್ನು ತಡೆಯುವ ಮನೆ ಆಂಪ್ ಬಹಳ ಕಡಿಮೆ. ಆಂಪಿನಲ್ಲಿ ಎ ಮತ್ತು ಬಿ ಅಂತ ಎರಡು ಜೋಡಿಗೆ ಜಾಗ ಇದ್ದರೂ ಹಿಂದಿನ ಬರಹ ಓದಿ. ಒಂದೇ ಜೋಡಿ ಓಡಿಸುವಾಗ 4 ಓಮ್ ಇದ್ದರೂ ನಡೆಯುತ್ತದೆ, ಎರಡೂ ಸೇರಿಸಿದರೆ ಪ್ರತಿಯೊಂದೂ 8 ಓಮ್ ಇರಲೇಬೇಕು ಅಂತ ಎಷ್ಟೋ ಆಂಪುಗಳಲ್ಲಿ ಬರೆದಿರುತ್ತದೆ.

ಇನ್ನು ಸೆನ್ಸಿಟಿವಿಟಿ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಖ್ಯ ಇದೇ. ಸ್ಪೀಕರಿಗೆ 1 ವ್ಯಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ ಎಷ್ಟು ಡೆಸಿಬಲ್ ಶಬ್ದ ಬರುತ್ತದೆ ಅನ್ನುವುದು ಈ ಅಂಕಿ. ಶೆಲ್ಫ್ ಮೇಲೆ ಇಡುವ ಸಣ್ಣ ಸ್ಪೀಕರುಗಳು 84ರಿಂದ 87ರ ಆಸುಪಾಸು, ನೆಲದ ಮೇಲೆ ನಿಲ್ಲುವ ದೊಡ್ಡವು 88ರಿಂದ 91. ನೋಡಲು ಸಣ್ಣ ವ್ಯತ್ಯಾಸ. ಆದರೆ 3 ಡೆಸಿಬಲ್ ಜಾಸ್ತಿ ಬೇಕು ಅಂದರೆ ಆಂಪಿನ ಪವರ್ ಎರಡು ಪಟ್ಟು ಬೇಕು, 10 ಡೆಸಿಬಲ್ ಜಾಸ್ತಿ ಅಂದರೆ ಹತ್ತು ಪಟ್ಟು. ಒಂದು ಎಚ್ಚರಿಕೆ: ಕೆಲವು ಕಂಪನಿಗಳು 1 ವ್ಯಾಟ್ ಬದಲು 2.83 ವೋಲ್ಟ್ ಕೊಟ್ಟು ಅಳೆಯುತ್ತವೆ. 8 ಓಮ್ ಸ್ಪೀಕರಿಗೆ ಎರಡೂ ಒಂದೇ. 4 ಓಮಿಗೆ 2.83 ವೋಲ್ಟ್ ಅಂದರೆ 2 ವ್ಯಾಟ್, ಹಾಗಾಗಿ ಬರೆದ ಅಂಕಿಯಿಂದ 3 ಕಳೆದು ಓದಿಕೊಳ್ಳಿ.

ಈಗ ಚಂಡೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ನಮ್ಮ ಪಡಸಾಲೆಯಲ್ಲಿ ಸ್ಪೀಕರಿನಿಂದ ಕೂರುವ ಜಾಗಕ್ಕೆ 3 ಮೀಟರ್. 86 ಡೆಸಿಬಲಿನ ಜೋಡಿಗೆ ತಲಾ 1 ವ್ಯಾಟ್ ಕೊಟ್ಟರೆ ಅಲ್ಲಿಗೆ ತಲುಪುವುದು ಸುಮಾರು 82. ಭಾಗವತರ ಪದ ಹಾಯಾಗಿ ಕೇಳಲು 75 ಸಾಕು, ಅದಕ್ಕೆ ಕಾಲು ವ್ಯಾಟೂ ಬೇಡ. ಆದರೆ ಯುದ್ಧದ ಸನ್ನಿವೇಶ ಬಂದು ಚಂಡೆ ಎದ್ದರೆ ಆ ಪೆಟ್ಟು ಸರಾಸರಿಗಿಂತ 18 ಡೆಸಿಬಲ್ ಮೇಲೆ ಹಾರಬಹುದು. ಅಂದರೆ 93. ಆ ಒಂದು ಕ್ಷಣಕ್ಕೆ ಆಂಪ್ ಕೊಡಬೇಕಾದ್ದು ಸುಮಾರು 13 ವ್ಯಾಟ್. ಪರವಾಗಿಲ್ಲ, ಸಣ್ಣ ಆಂಪೂ ಕೊಡುತ್ತದೆ.

ಈಗ ಮಳೆಗಾಲಕ್ಕೆ ಬನ್ನಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ಅದರ ಸುತ್ತಮುತ್ತ ಇರುವ ನಮಗೂ ಕಡಿಮೆ ಏನಿಲ್ಲ. ಹೆಂಚಿನ ಮೇಲೆ ಆರಿದ್ರಾ ಮಳೆ ಸುರಿಯುವಾಗ, ಅಂಗಳಕ್ಕೆ ತಗಡು ಬೇರೆ ಹಾಕಿಸಿದ್ದರೆ ಕೇಳುವುದೇ ಬೇಡ, ಪಕ್ಕದಲ್ಲಿದ್ದವರ ಮಾತೇ ಕೇಳಿಸುವುದಿಲ್ಲ ಅಲ್ವಾ? ಪದ ಕೇಳಬೇಕು ಅಂದರೆ ವಾಲ್ಯೂಮ್ 75ರಿಂದ 82ಕ್ಕೆ ಏರಿಸಬೇಕು. ಬರೀ 7 ಡೆಸಿಬಲ್. ಈಗ ಚಂಡೆಪೆಟ್ಟು 100ಕ್ಕೆ ಹೋಗುತ್ತದೆ, ಅದಕ್ಕೆ ಬೇಕಾದ್ದು 63 ವ್ಯಾಟ್. ಬೇಸಿಗೆಯಲ್ಲಿ ಸುಖವಾಗಿದ್ದ ಅದೇ ಆಂಪ್ ಮಳೆಗಾಲದಲ್ಲಿ ಕಿರುಚಲು ಶುರು ಮಾಡುವುದು ಇದಕ್ಕೇ. ಅದೇ ಜಾಗದಲ್ಲಿ 90 ಡೆಸಿಬಲಿನ ಸ್ಪೀಕರ್ ಇದ್ದರೆ ಆ 63ರ ಕೆಲಸ 25 ವ್ಯಾಟಿನಲ್ಲಿ ಮುಗಿಯುತ್ತದೆ. ಮಲೆನಾಡಿನ ಹೆಂಚಿನ ಮನೆಗೆ ಹೊಸದಾಗಿ ಸ್ಪೀಕರ್ ತಗೊಳ್ಳುವವರಿಗೆ ನಾನು ಸೆನ್ಸಿಟಿವಿಟಿ ಜಾಸ್ತಿ ಇರುವುದನ್ನೇ ತಗೊಳ್ಳಿ ಅನ್ನುವುದು ಈ ಲೆಕ್ಕದ ಮೇಲೆ. ತೆರೆದ ಜಗಲಿಯಲ್ಲಿ ಶಬ್ದಕ್ಕೆ ಗೋಡೆಯ ಆಸರೆ ಇಲ್ಲ, ಅಲ್ಲಿ ಇನ್ನೂ ಜಾಸ್ತಿ ಬೇಕು. ನಮ್ಮ 15 ವ್ಯಾಟಿನ ಆಂಪ್ ಸೋತದ್ದು ಅಲ್ಲೇ. ಜಗಲಿಯಲ್ಲಿ ಸ್ಪೀಕರನ್ನು ಹಿಂದಿನ ಗೋಡೆಗೆ ಹತ್ತಿರ ಇಟ್ಟರೆ ಮದ್ದಳೆಯ ತುಂಬು ಶಬ್ದ ಸ್ವಲ್ಪ ಉಳಿಯುತ್ತದೆ.

ಇಷ್ಟಾದ ಮೇಲೆ ವ್ಯಾಟ್. ಪೆಟ್ಟಿಗೆ ಮೇಲೆ ಪಿಎಂಪಿಒ ಅಂತ ಸಾವಿರಗಟ್ಟಲೆ ಬರೆದಿದ್ದರೆ ಆ ಅಂಕಿಯನ್ನು ಮರೆತುಬಿಡಿ, ಅದಕ್ಕೆ ಅರ್ಥವೇ ಇಲ್ಲ. ಆರ್‌ಎಂಎಸ್ ಅಂಕಿ, ಅಂದರೆ ಆಂಪ್ ಸತತವಾಗಿ ಕೊಡಬಲ್ಲ ಪವರ್, ಹುಡುಕಿ. ಅದರಲ್ಲೂ ಎರಡು ಬಗೆ ಇದೆ. "100 ವ್ಯಾಟ್, 6 ಓಮ್, ಒಂದೇ ಚಾನೆಲ್, ಡಿಸ್ಟಾರ್ಷನ್ 10 ಪರ್ಸೆಂಟ್" ಅಂತ ಇದ್ದರೆ ಅದು ಅಲೆಯ ತಲೆ ಚಪ್ಪಟೆ ಆದ ಮೇಲಿನ ಅಳತೆ, ಡಿಸ್ಟಾರ್ಷನ್ ಅಂದರೆ ಶಬ್ದ ಕೆಟ್ಟ ಪ್ರಮಾಣ. "50 ವ್ಯಾಟ್, 8 ಓಮ್, ಎರಡೂ ಚಾನೆಲ್, 20 ಹರ್ಟ್ಸ್‌ನಿಂದ 20,000 ಹರ್ಟ್ಸ್, ಡಿಸ್ಟಾರ್ಷನ್ 0.1 ಪರ್ಸೆಂಟ್" ಅಂತ ಇದ್ದರೆ ಅದು ನಂಬುವ ಅಂಕಿ. ಈ ಎರಡನೆಯದನ್ನು ನಾನು ಕಣ್ಣು ಮುಚ್ಚಿ ತಗೊಳ್ಳುತ್ತೇನೆ. ಸ್ಪೀಕರ್ 60 ವ್ಯಾಟ್ ಆರ್‌ಎಂಎಸ್ ಇದ್ದರೆ 40ರಿಂದ 90ರ ಒಳಗಿನ ಒಳ್ಳೆಯ ಆಂಪ್ ಸರಿಹೊಂದುತ್ತದೆ.

ಈಗ ಎಲ್ಲರೂ ಕೊಳ್ಳುವ ಅಂಗೈಯಗಲದ ಕ್ಲಾಸ್ ಡಿ (ಕಡಿಮೆ ಬಿಸಿಯಾಗುವ ಸ್ವಿಚಿಂಗ್ ಬಗೆಯ) ಆಂಪುಗಳ ಬಗ್ಗೆ ಒಂದು ಮಾತು. ಟಿಪಿಎ3116 ಚಿಪ್ ಇರುವವು ನಿಜಕ್ಕೂ ಚೆನ್ನಾಗಿವೆ. ಆದರೆ 50 ವ್ಯಾಟ್ ಅನ್ನುವುದು 21 ವೋಲ್ಟ್ ಕೊಟ್ಟು 4 ಓಮ್ ಸ್ಪೀಕರ್ ಹಾಕಿದಾಗಿನ ಮಾತು. ನೀವು 12 ವೋಲ್ಟಿನ ಅಡಾಪ್ಟರ್ ಹಾಕಿ 8 ಓಮ್ ಸ್ಪೀಕರ್ ಓಡಿಸಿದರೆ ಶುದ್ಧವಾಗಿ ಬರುವುದು ಹೆಚ್ಚೆಂದರೆ 9 ವ್ಯಾಟ್. ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಾಕಿದರೆ 22, 24 ವೋಲ್ಟ್ ಹಾಕಿದರೆ 36. ಲೆಕ್ಕ ಸುಲಭ: ವೋಲ್ಟನ್ನು ವೋಲ್ಟಿನಿಂದ ಗುಣಿಸಿ, ಓಮಿನ ಎರಡರಷ್ಟರಿಂದ ಭಾಗಿಸಿ. ಆಂಪ್ ಬದಲಿಸುವ ಮೊದಲು ಅಡಾಪ್ಟರ್ ಬದಲಿಸಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಬೋರ್ಡಿನ ಮೇಲೆ ಬರೆದ ವೋಲ್ಟ್ ಮಿತಿ ಮಾತ್ರ ದಾಟಬೇಡಿ.

ಇಂಥ ಆಂಪುಗಳಲ್ಲಿ ಸ್ಪೀಕರಿನ ಕಪ್ಪು ತುದಿಯೂ ಜೀವಂತ ಇರುತ್ತದೆ, ಅದು ಅರ್ತ್ ಅಲ್ಲ. ಹಳೇ ಮನೆಗಳಲ್ಲಿ ಎರಡು ಸ್ಪೀಕರಿಗೂ ಸೇರಿ ಒಂದೇ ವಾಪಸ್ ವಯರ್ ಎಳೆದಿರುತ್ತಾರೆ. ಹಾಗಿದ್ದರೆ ಸುಮ್ನೆ ಅದಕ್ಕೇ ಸಿಕ್ಕಿಸಬೇಡಿ, ಆಂಪ್ ಹೋಗುತ್ತದೆ. ಪ್ರತಿ ಸ್ಪೀಕರಿಗೂ ಬೇರೆ ಬೇರೆ ಎರಡು ವಯರ್ ಹೋಗಬೇಕು.

ಕರೆಂಟಿನ ವಿಷಯ ನಮ್ಮ ಹಳ್ಳಿಗಳಲ್ಲಿ ಬಿಡುವ ಹಾಗಿಲ್ಲ. ಸಂಜೆ ಎಲ್ಲರ ಮನೆ ಪಂಪೂ ಮಿಕ್ಸಿಯೂ ಶುರುವಾದಾಗ 230 ಇರಬೇಕಾದ ವೋಲ್ಟೇಜ್ 180ಕ್ಕೆ ಇಳಿಯಿತು ಅಂದುಕೊಳ್ಳಿ. ಭಾರದ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಮಾದರಿ ಆಂಪಿನ ಒಳಗಿನ ವೋಲ್ಟೂ ಅಷ್ಟೇ ಇಳಿಯುತ್ತದೆ, 100 ವ್ಯಾಟಿನ ಆಂಪ್ 60ರದ್ದಾಗುತ್ತದೆ. ಡಲ್ ಕರೆಂಟ್ ಇರುವ ಊರಾದರೆ ಒಂದು ಸ್ಟೆಬಿಲೈಸರ್ ಹಾಕಿ, ಇಲ್ಲವೇ 100ರಿಂದ 240 ವೋಲ್ಟ್ ತಡೆಯುವ ಅಡಾಪ್ಟರಿನ ಆಂಪ್ ತಗೊಳ್ಳಿ. ನಾನು ಎರಡನೆಯದನ್ನೇ ಮಾಡಿದೆ.

ವಯರಿಗೆ ಸಾವಿರಾರು ರೂಪಾಯಿ ಹಾಕುವ ಅಗತ್ಯ ಇಲ್ಲ. ಸ್ಪೀಕರ್ ನಾಲ್ಕೈದು ಮೀಟರ್ ಒಳಗಿದ್ದರೆ 1.5 ಸ್ಕ್ವೇರ್ ಎಂಎಂ ತಾಮ್ರದ ವಯರ್ ಸಾಕು. ಜಗಲಿವರೆಗೆ 10 ಮೀಟರ್ ಎಳೆಯಬೇಕು, ಸ್ಪೀಕರ್ 4 ಓಮಿನದ್ದು ಅಂದರೆ 2.5 ಹಾಕಿ. ತೆಳ್ಳಗಿನ ಬೆಲ್ ವಯರ್ ಬೇಡವೇ ಬೇಡ.

ಜೋಡಿಸುವಾಗ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ. ಒಂದು ಸ್ಪೀಕರ್ ತಿರುಗುಮುರುಗಾದರೆ ಏನೂ ಸುಡುವುದಿಲ್ಲ, ಆದರೆ ಮದ್ದಳೆ ಟೊಳ್ಳಾಗುತ್ತದೆ, ಭಾಗವತರ ದನಿ ಎರಡು ಸ್ಪೀಕರಿನ ನಡುವೆ ನಿಲ್ಲದೆ ಎಲ್ಲೆಲ್ಲೋ ಹರಡುತ್ತದೆ. ಬಣ್ಣ ಅಳಿಸಿಹೋಗಿದ್ದರೆ 1.5 ವೋಲ್ಟಿನ ಪೆನ್ಸಿಲ್ ಸೆಲ್ ತಗೊಳ್ಳಿ. ಆಂಪಿನಿಂದ ವಯರ್ ಬಿಚ್ಚಿ, ಸ್ಪೀಕರಿನ ಜಾಲರಿ ತೆಗೆದು, ಸೆಲ್ಲನ್ನು ಅರೆಕ್ಷಣ ಮುಟ್ಟಿಸಿ. ಟಪ್ ಅಂತ ಸಣ್ಣ ಶಬ್ದ ಬಂದು ವೂಫರಿನ (ದಪ್ಪ ಶಬ್ದದ ದೊಡ್ಡ ಭಾಗದ) ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ ತುದಿಯೇ ಕೆಂಪು. ಒಳಗೆ ಹೋದರೆ ಉಲ್ಟಾ. ಬೆರಳ ತುದಿಯನ್ನು ಕೋನಿಗೆ ಹಗುರವಾಗಿ ತಾಗಿಸಿಕೊಂಡರೆ ಕಣ್ಣಿಗಿಂತ ಬೇಗ ಗೊತ್ತಾಗುತ್ತದೆ.

ಕೊಳ್ಳಲು ಹೋಗುವಾಗ ಶಿವಮೊಗ್ಗವಾಗಲಿ ಬೆಂಗಳೂರಾಗಲಿ, ಸಾಧ್ಯ ಆದರೆ ನಿಮ್ಮ ಸ್ಪೀಕರನ್ನೇ ಒಯ್ಯಿರಿ. ಅಂಗಡಿಯವರು ಹಾಕುವ ಹಾಡು ಯಾವ ಆಂಪಿನಲ್ಲೂ ಚೆನ್ನಾಗಿಯೇ ಕೇಳುತ್ತದೆ. ನಿಮಗೆ ಬಾಯಿಪಾಠ ಆಗಿರುವ ಒಂದು ಪ್ರಸಂಗದ ಚಂಡೆ ಭಾಗ ಹಾಕಿಸಿ, ಮನೆಯಲ್ಲಿ ಕೇಳುವುದಕ್ಕಿಂತ ಸ್ವಲ್ಪ ಜೋರಾಗಿ. ಪೆಟ್ಟು ಬಿದ್ದಾಗ ಭಾಗವತರ ದನಿ ಒರಟಾಗುತ್ತದಾ, ಜಾಗಟೆಯ ಶಬ್ದ ಚರಚರ ಅನ್ನುತ್ತದಾ ಗಮನಿಸಿ. ಹಾಗಾದರೆ ಆ ಆಂಪ್ ನಿಮ್ಮ ಸ್ಪೀಕರಿಗೆ ಸಾಲದು. ಮನೆಗೆ ತಂದ ಮೇಲೂ ಮೊದಲ ದಿನ ಒಂದು ಗಂಟೆ ಓಡಿಸಿ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಸರಿ. ಕೈ ಐದು ಸೆಕೆಂಡ್ ಇಡಲು ಆಗದಷ್ಟು ಬಿಸಿ ಇದ್ದರೆ ಓಮ್ ಲೆಕ್ಕ ಮತ್ತೊಮ್ಮೆ ನೋಡಿ, ಆಂಪಿನ ಸುತ್ತ ಗಾಳಿಗೆ ಜಾಗ ಬಿಡಿ.

ಮಳೆಗಾಲದ ಮೂರು ತಿಂಗಳು ಆಂಪನ್ನು ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿ. ಒಳಗಿನ ಶಾಖಕ್ಕೆ ಥಂಡಿ ಆರುತ್ತದೆ, ಇಲ್ಲದಿದ್ದರೆ ವಾಲ್ಯೂಮ್ ತಿರುಗಿಸಿದಾಗೆಲ್ಲ ಕರಕರ ಶುರುವಾಗುತ್ತದೆ. ಸ್ಪೀಕರಿನ ಕೋನ್ ಸುತ್ತ ಫೋಮ್ ಇರುವುದಕ್ಕಿಂತ ರಬ್ಬರ್ ಇರುವುದು ನಮ್ಮ ಹವೆಗೆ ಜಾಸ್ತಿ ಬಾಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ದೂರದಲ್ಲಿ ಕೇಳಿಸಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಡಿಶ್ ಕೇಬಲ್ಲು, ನೆಟ್ ಕೇಬಲ್ಲು ಟಿವಿಯ ಮೂಲಕ ಆಂಪಿಗೆ ಸೇರಿದ್ದರೆ ಅದನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.